ಇಂಗ್ಲಿಷ್ ಪದದ ಜೊತೆ ಬೈಗುಳ ಕಲಿಸುವುದು ಬೇಡ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ವಾರಕ್ಕೊಂದು ವಿಷಯ ಹಿಡಿದು ಇಂಗ್ಲಿಷ್ ಪದಗಳನ್ನು ಕಲಿಸುತ್ತೀರಿ. ಬ್ಯಾಂಕು, ಮಳೆ, ಆಸ್ಪತ್ರೆ, ಚುನಾವಣೆ ಎಲ್ಲಾ ಬಂದಿವೆ. ನಾನು ಆ ತುಂಡುಗಳನ್ನು ಕತ್ತರಿಸಿ ನನ್ನ ಕ್ಲಾಸಿನ ಗೋಡೆಗೆ ಅಂಟಿಸುತ್ತೇನೆ. ಲೈಂಗಿಕ ಅಲ್ಪಸಂಖ್ಯಾತರು ಮತ್ತು ಸಮಾನತೆ ಎಂಬ ವಿಷಯಕ್ಕೂ ಒಂದು ವಾರ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಯಾಕೆ ಎಂದು ಹೇಳಲು ಸ್ವಲ್ಪ ಜಾಸ್ತಿ ಜಾಗ ಬೇಕಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಈಗ ಬೆಳಗಾವಿಯ ಶಹಾಪುರದಲ್ಲಿ ಮನೆಯ ಮೇಲಿನ ಕೋಣೆಯಲ್ಲಿ ಸಂಜೆ ಆರರಿಂದ ಎಂಟರವರೆಗೆ ಕ್ಲಾಸು ತೆಗೆದುಕೊಳ್ಳುತ್ತೇನೆ. ಪಿಎಸ್‌ಐ, ಎಫ್‌ಡಿಎ, ಬ್ಯಾಂಕ್ ಪರೀಕ್ಷೆ ಬರೆಯುವವರು ಹತ್ತೊಂಬತ್ತು ಜನ ಬರುತ್ತಾರೆ. ಗೋಕಾಕ, ಸವದತ್ತಿ, ಬೈಲಹೊಂಗಲ ಕಡೆಯಿಂದ ಬಂದು ಇಲ್ಲಿ ರೂಮು ಮಾಡಿಕೊಂಡಿರುವವರೇ ಜಾಸ್ತಿ. ಪಕ್ಕದ ಮನೆಯ ಮಗ್ಗದ ಸದ್ದಿನ ನಡುವೆಯೇ ನಮ್ಮ ಪಾಠ.

ಕಳೆದ ಶ್ರಾವಣದಲ್ಲಿ ಒಂದು ಗೈಡಿನಿಂದ ಪ್ಯಾಸೇಜ್ ಓದಿಸುತ್ತಿದ್ದೆ. ಗೈಡಿನ ಹೆಸರು ಇಲ್ಲಿ ಬೇಡ. ಪ್ಯಾಸೇಜ್ ಇದ್ದದ್ದು 2018ರ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ. ಒಂದೇ ಲಿಂಗದ ಇಬ್ಬರು ವಯಸ್ಕರು ಒಪ್ಪಿ ಕೂಡಿದರೆ ಅದು ಅಪರಾಧವಲ್ಲ ಎಂದು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಬಗ್ಗೆ ಐವರು ನ್ಯಾಯಮೂರ್ತಿಗಳು ಸೆಪ್ಟೆಂಬರ್ 6ರಂದು ಕೊಟ್ಟ ತೀರ್ಪು. ಪ್ಯಾಸೇಜ್ ಚೆನ್ನಾಗಿಯೇ ಇತ್ತು. ಕೆಳಗೆ ಕನ್ನಡದಲ್ಲಿ ಕಠಿಣ ಪದಗಳ ಅರ್ಥ ಕೊಟ್ಟಿದ್ದರು. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಸಾಲು ಗಟ್ಟಿಯಾಗಿ ಓದುವ ರೂಢಿ. ಗೋಕಾಕದ ಹುಡುಗ ಓದಿದ: ಟ್ರಾನ್ಸ್‌ಜೆಂಡರ್ ಅಂದರೆ ನಪುಂಸಕ. ಅದರ ಕೆಳಗಿನ ಸಾಲು: ಗೇ ಅಂದರೆ ವಿಕೃತ ಕಾಮಿ. ಎರಡು ಮೂರು ಜನ ನಕ್ಕರು. ಹಿಂದಿನ ಬೆಂಚಿನಲ್ಲಿ ಗೋಡೆಗೆ ಒರಗಿ ಕೂರುವ ಒಬ್ಬರು ಪುಸ್ತಕ ಮುಚ್ಚಿದರು, ಚೀಲ ತೆಗೆದುಕೊಂಡು ಎದ್ದು ಹೋದರು. ಮೆಟ್ಟಿಲು ಇಳಿಯುವ ಚಪ್ಪಲಿ ಸದ್ದು ಕೊನೆಯವರೆಗೂ ಕೇಳಿಸಿತು.

ಮರುದಿನ ಅವರು ಕ್ಲಾಸಿಗೆ ಮುಂಚೆಯೇ ಬಂದು ಒಂದೇ ಪ್ರಶ್ನೆ ಕೇಳಿದರು. "ಮೇಡಂ, ಪೇಪರ್‌ದಾಗ ಅರ್ಥ ಕೇಳಿದ್ರ ಆ ಶಬ್ದಾನ ಬರೀಬೇಕೇನ್ರಿ ನಾ?"

ಅವರ ಹೆಸರು, ಊರು ಬರೆಯುವುದಿಲ್ಲ. ಈ ಪತ್ರವನ್ನು ಕಳಿಸುವ ಮೊದಲು ಅವರಿಗೇ ಓದಲು ಕೊಟ್ಟೆ. ಅವರು ಒಂದು ವಾಕ್ಯವನ್ನು ಪೆನ್ನಿನಿಂದ ಹೊಡೆದು ಹಾಕಿ, ಉಳಿದದ್ದು ಇರಲಿ ಎಂದರು. ಆ ವಾಕ್ಯ ಇಲ್ಲಿ ಇಲ್ಲ.

ಅವರು ಪ್ರಶ್ನೆ ಕೇಳಿದ ರಾತ್ರಿ ನನಗೆ 1994ರ ಒಂದು ಕ್ಲಾಸು ನೆನಪಾಯಿತು. ಎಂಟನೇ ತರಗತಿಗೆ ಜೆಂಡರ್ ಪಾಠ. ಮ್ಯಾಸ್ಕುಲಿನ್, ಫೆಮಿನಿನ್, ಕಾಮನ್, ನ್ಯೂಟರ್ ಎಂದು ಬೋರ್ಡಿನ ಮೇಲೆ ಬರೆದೆ. ಕೊನೆಯದಕ್ಕೆ ಕನ್ನಡದಲ್ಲಿ ನಪುಂಸಕಲಿಂಗ ಎಂದೆ. ಅಷ್ಟಕ್ಕೇ ಇಡೀ ಕ್ಲಾಸು ತಿರುಗಿ ಮೂರನೇ ಸಾಲಿನ ಒಬ್ಬ ಹುಡುಗನನ್ನು ನೋಡಿತು. ನಡಿಗೆ, ಮಾತು ಹುಡುಗಿಯರ ಹಾಗೆ ಎಂದು ಅವನನ್ನು ದಿನಾ ಕಾಡುತ್ತಿದ್ದರು. ನಾನು ಡಸ್ಟರಿನಿಂದ ಟೇಬಲ್ ಕುಟ್ಟಿ ಸೈಲೆನ್ಸ್ ಎಂದೆ. ಉದಾಹರಣೆಗೆ ಕಲ್ಲು, ಕುರ್ಚಿ, ಪುಸ್ತಕ ಎಂದು ಬರೆಸಿದೆ. ಅವನೂ ತಲೆ ಬಗ್ಗಿಸಿ ಬರೆದುಕೊಂಡ. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಒಂದು ತಿಂಗಳು ಹಾಜರಿಯಲ್ಲಿ ಗೈರು ಎಂದು ಹಾಕಿದೆ, ಆಮೇಲೆ ಹೆಸರು ತೆಗೆದೆ. ಮನೆಗೆ ಹೋಗಿ ಕೇಳಲಿಲ್ಲ. ಅವನು ಎನ್ನುತ್ತಿದ್ದೇನೆ, ಅವಳು ಎನ್ನಬೇಕಿತ್ತೋ ಏನೋ. ಅದನ್ನು ಕೇಳುವ ಅವಕಾಶವನ್ನೂ ನಾನೇ ಕಳೆದುಕೊಂಡೆ.

ಆದ್ದರಿಂದ ಈ ಸಲ ಸುಮ್ನೆ ಮುಂದಿನ ಪ್ಯಾಸೇಜಿಗೆ ಹೋಗಲು ಮನಸ್ಸಾಗಲಿಲ್ಲ. ಗೈಡಿನ ಆ ಅರ್ಥಗಳ ಮೇಲೆ ಬಿಳಿ ಕಾಗದ ಅಂಟಿಸಿ ಎಂದು ಎಲ್ಲರಿಗೂ ಹೇಳಿದೆ. ಎರಡು ವಾರ ಇದೇ ವಿಷಯದ ಪದಗಳನ್ನು ಕಲಿತೆವು. ನನಗೂ ಎಷ್ಟೋ ಹೊಸದು ಸಿಕ್ಕಿತು.

ಮೊದಲ ದಿನ ವಿರುದ್ಧ ಪದಗಳ ಪಟ್ಟಿ. ಟ್ರಾನ್ಸ್‌ಜೆಂಡರ್ ಎಂಬುದರ ಮುಂದೆ ಒಬ್ಬ ಹುಡುಗ ನಾರ್ಮಲ್ ಎಂದು ಬರೆದ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಬೇರೆ ಪದ ಗೊತ್ತಿರಲಿಲ್ಲ ಅಷ್ಟೇ. ನಾನು ಅದನ್ನು ಒರೆಸಿ ಸಿಸ್‌ಜೆಂಡರ್ ಎಂದು ಬರೆದೆ. ಟ್ರಾನ್ಸ್ ಮತ್ತು ಸಿಸ್ ಎರಡೂ ಲ್ಯಾಟಿನ್. ಟ್ರಾನ್ಸ್ ಅಂದರೆ ಆಚೆ, ಸಿಸ್ ಅಂದರೆ ಈಚೆ. ಆಲ್ಪ್ಸ್ ಪರ್ವತದ ಆಚೆಯ ಗಾಲ್ ನಾಡನ್ನು ರೋಮಿನವರು ಟ್ರಾನ್ಸಾಲ್ಪೈನ್ ಎನ್ನುತ್ತಿದ್ದರು, ಈಚೆಯದನ್ನು ಸಿಸಾಲ್ಪೈನ್. ಟ್ರಾನ್ಸ್‌ಪೋರ್ಟ್, ಟ್ರಾನ್ಸ್‌ಫರ್, ಟ್ರಾನ್ಸ್‌ಲೇಟ್ ಎಲ್ಲದರಲ್ಲೂ ಆ ದಾಟುವ ಅರ್ಥ ಇದೆ. ಹುಟ್ಟಿದಾಗ ಬರೆಸಿದ ಲಿಂಗವೂ ತನಗೆ ತಾನು ಅನಿಸುವ ಲಿಂಗವೂ ಒಂದೇ ದಂಡೆಯಲ್ಲಿದ್ದರೆ ಸಿಸ್, ಇಲ್ಲದಿದ್ದರೆ ಟ್ರಾನ್ಸ್. ಮುನವಳ್ಳಿಯ ಹುಡುಗಿ ಮಲಪ್ರಭಾ ಹೊಳೆ ನೋಡುತ್ತಾ ಬೆಳೆದವಳು. ಅವಳು ಕೂಡಲೇ ಹೇಳಿದಳು: "ಹಂಗಾದ್ರ ಆಚಿ ದಂಡ್ಯಾಗ ನಿಂತವರಿಗೆ ನಮ್ದ ಆಚಿ ಆಕ್ಕೈತಲ್ರಿ ಮೇಡಂ!" ನಾನು ಅರ್ಧ ಗಂಟೆ ಹೇಳಿದರೂ ಇಷ್ಟು ಸ್ಪಷ್ಟವಾಗಿ ಹೇಳಲು ಆಗುತ್ತಿರಲಿಲ್ಲ. ನಾರ್ಮಲ್ ಎಂದು ಬರೆದ ಹುಡುಗನೂ ತಲೆ ಆಡಿಸಿದ.

ಹೋಮೋಸೆಕ್ಷುಯಲ್ ಪದದಲ್ಲಿರುವ ಹೋಮೋ ಎಂಬುದನ್ನು ಮಕ್ಕಳು ಹೋಮೋ ಸೇಪಿಯನ್ಸ್ ಜೊತೆ ಕಲಸಿಕೊಂಡಿದ್ದರು. ಅದು ಲ್ಯಾಟಿನ್, ಮನುಷ್ಯ ಎಂದು ಅರ್ಥ. ಇದು ಗ್ರೀಕ್, ಒಂದೇ ಎಂದು ಅರ್ಥ. ಹೋಮೊನಿಮ್ ಎಂದು ವ್ಯಾಕರಣದಲ್ಲಿ ಕಲಿತದ್ದೇ ಇದು. ಗೇ ಅಂದರೆ ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಖುಷಿಯಾಗಿರುವ ಎಂದು ಅರ್ಥ. ಹಳೆಯ ಪದ್ಯಗಳಲ್ಲಿ ಈ ಪದ ಬಂದಾಗ ಮಕ್ಕಳು ನಗುವುದನ್ನು ಪ್ರತಿ ವರ್ಷ ನೋಡಿದ್ದೇನೆ.

ಒಬ್ಬ ಹುಡುಗ ವಾಕ್ಯ ಮಾಡಿದ: ಹೀ ಈಸ್ ಸಫರಿಂಗ್ ಫ್ರಮ್ ಗೇ. ಇದನ್ನು ನಾನು ಎರಡು ಸಲ ತಿದ್ದಿದೆ. ಗೇ ನಾಮಪದವಾಗಿ ಇಲ್ಲಿ ಬರುವುದಿಲ್ಲ, ಅದು ವ್ಯಾಕರಣದ ತಪ್ಪು. ಸಫರ್ ಫ್ರಮ್ ಅಂದರೆ ಜ್ವರ, ಸಕ್ಕರೆ ಕಾಯಿಲೆಯಿಂದ ನರಳುವುದು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಸಲಿಂಗ ಆಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ನನ್ನ ಕ್ಲಾಸಿನ ಒಬ್ಬರೂ ಆಗ ಹುಟ್ಟಿರಲಿಲ್ಲ. ಆದರೂ ಆ ಸಫರ್ ಫ್ರಮ್ ಅವರ ಬಾಯಿಗೆ ತಾನಾಗಿಯೇ ಬಂತು. ಯಾರೋ ದೊಡ್ಡವರು ಆಡಿದ್ದನ್ನು ಕೇಳಿಸಿಕೊಂಡೇ ಬಂದಿರಬೇಕು ಅಲ್ವಾ?

ಓ (owe) ಎಂಬ ಕ್ರಿಯಾಪದ ಬಹಳ ಜನರಿಗೆ ಕಷ್ಟ. ಓ, ಓಡ್, ಬಾಕಿ ಇರುವುದು. 2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು ಈ ಪದ ಬಳಸಿದ್ದಾರೆ. ಈ ಸಮುದಾಯದವರಿಗೂ ಅವರ ಮನೆಯವರಿಗೂ ಚರಿತ್ರೆ ಒಂದು ಕ್ಷಮೆ ಬಾಕಿ ಇಟ್ಟಿದೆ ಎಂಬ ಅರ್ಥದ ಮಾತು. ನಾನು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತೋರಿಸಿ ಹೇಳಿದೆ. ಸಕ್ಕರೆ ಒಯ್ದಿದ್ದೀರಿ, ದುಡ್ಡು ಕೊಟ್ಟಿಲ್ಲ, ಆ ಪುಟದಲ್ಲಿ ನಿಮ್ಮ ಹೆಸರಿದೆ. ಹೇಳುತ್ತಿರುವಾಗ ನನಗೆ ಆ ಹಾಜರಿ ಪುಸ್ತಕದ ಪುಟ ಕಣ್ಣ ಮುಂದೆ ಬಂತು.

ಕ್ಲಾಸಿನಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡ ಪದ ಮಾತ್ರ ಬಹಳ ಸಣ್ಣದು: ಪರ್ಸನ್. ಮಕ್ಕಳಿಗೆ ಇದು ಸುಲಭದ ಪದ. ಆದರೆ ಸಂವಿಧಾನದ 14ನೇ ವಿಧಿ ಓದಿಸಿದೆ. ಯಾವುದೇ ಪರ್ಸನ್‌ಗೆ ಕಾನೂನಿನ ಮುಂದೆ ಸಮಾನತೆಯನ್ನು ಸರ್ಕಾರ ನಿರಾಕರಿಸುವಂತಿಲ್ಲ ಎಂದಿದೆ. ಗಂಡಸು ಎಂದಿಲ್ಲ, ಹೆಂಗಸು ಎಂದಿಲ್ಲ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದೇ ಪದವನ್ನು ಹಿಡಿದು, ಇದರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೂ ಬರುತ್ತಾರೆ ಎಂದಿತು. ತನ್ನ ಲಿಂಗತ್ವ ಯಾವುದು ಎಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದೂ ಹೇಳಿತು. ಇನ್ನೊಂದು ಕಡೆ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಅದಕ್ಕೆ 2011ರಲ್ಲಿ 36ಎ ಎಂಬ ಕಲಮು ಸೇರಿಸಿದರು. ಟ್ರಾನ್ಸ್‌ಜೆಂಡರ್ ಜನರನ್ನು ಯೂನಕ್ ಎಂದು ಕರೆದು, ಅವರ ಹೆಸರು ಬರೆದಿಟ್ಟುಕೊಂಡು ಅವರ ಮೇಲೆ ಕಣ್ಣಿಡುವ ಕಲಮು. ಯೂನಕ್ ಅಂದರೆ ಗ್ರೀಕಿನಲ್ಲಿ ಹಾಸಿಗೆ ಕಾಯುವವನು, ಅರಮನೆಯ ಆಳು. ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿದ ಮೇಲೆ ತಿದ್ದುಪಡಿ ಮಾಡಿ ಆ ಪದ ತೆಗೆದು ಪರ್ಸನ್ ಎಂದು ಹಾಕಿದರು. ಪಿಎಸ್‌ಐ ಆಗಬೇಕು ಎನ್ನುವ ಐದು ಹುಡುಗರು ಅಲ್ಲಿ ಕುಳಿತಿದ್ದರು. ಈ ಎರಡು ಪದಗಳನ್ನು ಅವರ ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆಸಿದೆ.

ದೇ (they) ಎಂಬ ಸರ್ವನಾಮವನ್ನು ಒಬ್ಬರಿಗೇ ಬಳಸುವುದು ಹೇಗೆ ಎಂದು ಕೇಳಿದರು. ಇದು ಈಗಿನವರ ಹುಚ್ಚು ಎಂದು ಕೆಲವರು ಹೇಳುತ್ತಾರೆ. ಹಾಗಲ್ಲ, ಇಂಗ್ಲಿಷಿನಲ್ಲಿ ಏಕವಚನದ ದೇ ಹದಿನಾಲ್ಕನೇ ಶತಮಾನದಿಂದ ಇದೆ. ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು 2019ರಲ್ಲಿ ಅದನ್ನು ವರ್ಷದ ಪದ ಎಂದು ಆರಿಸಿದರು. ಕನ್ನಡದ ಮಕ್ಕಳಿಗಂತೂ ಇದು ಅತಿ ಸುಲಭ. ಡಾಕ್ಟರ್ ಬಂದರು ಎನ್ನುತ್ತೇವೆ. ಅವರು ಗಂಡಸೋ ಹೆಂಗಸೋ ಆ ಮಾತಿನಲ್ಲಿ ಗೊತ್ತಾಗುವುದಿಲ್ಲ, ಮರ್ಯಾದೆ ಮಾತ್ರ ಗೊತ್ತಾಗುತ್ತದೆ. ಹೀ, ಶೀ ಎಂದು ತಡಕಾಡುವ ಇಂಗ್ಲಿಷಿನವರಿಗಿಂತ ನಮಗೆ ಈ ದಾರಿ ಮೊದಲೇ ಗೊತ್ತು. ಈ ಪತ್ರದಲ್ಲಿ ಹಿಂದಿನ ಬೆಂಚಿನವರ ಬಗ್ಗೆ ನಾನು ಬರೆದಿರುವುದೂ ಹಾಗೆಯೇ.

ಅವರೇ ಒಂದು ದಿನ ನೇಮಕಾತಿಯ ಇಂಗ್ಲಿಷ್ ಆದೇಶ ತಂದು ಹಾರಿಜಾಂಟಲ್ ರಿಸರ್ವೇಶನ್ ಅಂದ್ರೇನು ಎಂದು ಕೇಳಿದರು. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ಸರ್ಕಾರಿ ನೇರ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಹಾರಿಜಾಂಟಲ್ ಪದಕ್ಕೆ ಅಡ್ಡ ಎಂದು ಹೇಳಿದರೆ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಎಲ್ಲರನ್ನೂ ಪಕ್ಕದ ಮನೆಗೆ ಕರೆದುಕೊಂಡು ಹೋಗಿ ಮಗ್ಗ ತೋರಿಸಿದೆ. ಉದ್ದಕ್ಕೆ ಎಳೆದು ಕಟ್ಟಿದ ಹಾಸಿನ ಎಳೆಗಳು ವರ್ಟಿಕಲ್: ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳು. ಲಾಳಿ ಅಡ್ಡಲಾಗಿ ಒಯ್ಯುವ ಹೊಕ್ಕಿನ ಎಳೆ ಹಾರಿಜಾಂಟಲ್. ಅದು ಒಂದೇ ಹಾಸನ್ನು ಮುಟ್ಟಿ ನಿಲ್ಲುವುದಿಲ್ಲ, ಎಲ್ಲವನ್ನೂ ಹಾಯ್ದು ಹೋಗುತ್ತದೆ. ಈ ಶೇ 1 ಕೂಡ ಹಾಗೆ, ಪ್ರತಿಯೊಂದು ವರ್ಗದ ಒಳಗೂ ಇದೆ. ನೇಯುತ್ತಿದ್ದ ಅಜ್ಜ ಲಾಳಿ ನಿಲ್ಲಿಸಿ ಪೂರಾ ಕೇಳಿಸಿಕೊಂಡರು. ಹಿಂದಿನ ಬೆಂಚಿನವರು ಆದೇಶದ ಕಾಗದವನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು, "ಈಗ ತಿಳೀತ್ರಿ" ಎಂದರು. ನಾನು ಇಷ್ಟು ವರ್ಷ ಕಲಿಸಿದ್ದರಲ್ಲಿ ಅದೊಂದು ಒಳ್ಳೆಯ ಸಂಜೆ.

ಎಲ್ಲವೂ ಹೀಗೆ ನಡೆಯಲಿಲ್ಲ. ಬೈಲಹೊಂಗಲದ ಕಡೆಯ ಒಬ್ಬ ತಂದೆ ಮನೆಗೇ ಬಂದರು. "ಮಗನ್ನ ಇಂಗ್ಲಿಷ್ ಕಲಿಯಾಕ ಕಳಿಸೀನ್ರಿ. ಇದನ್ನ ಯಾಕ ಕಲಸಾಕತ್ತೀರಿ?" ಎಂದರು. ಸಿಟ್ಟಿಗಿಂತ ಅಂಜಿಕೆ ಜಾಸ್ತಿ ಇತ್ತು ಅವರಲ್ಲಿ. ಚಹಾ ಕೊಟ್ಟೆ. ನಿಮ್ಮ ಮಗ ನಾಳೆ ಠಾಣೆಯಲ್ಲಿ ಕೂತಾಗ ಇಂಥವರೊಬ್ಬರು ದೂರು ತಂದರೆ ಏನಂತ ಬರೆದುಕೊಳ್ಳಬೇಕು, ಹೇಳಿ ಎಂದೆ. ಅವರು ಉತ್ತರ ಕೊಡಲಿಲ್ಲ. ಹುಡುಗ ನಾಲ್ಕು ದಿನ ಬರಲಿಲ್ಲ, ಐದನೇ ದಿನ ಬಂದ. ಮನೆಯಲ್ಲಿ ಏನು ಮಾತಾಯಿತು ಎಂದು ನಾನು ಕೇಳಲಿಲ್ಲ.

ಸವದತ್ತಿಯ ಹುಡುಗನ ಮಾತನ್ನೂ ಹೇಳಬೇಕು. ಎಲ್ಲಮ್ಮನ ಗುಡ್ಡದಲ್ಲಿ ಜೋಗಪ್ಪಗಳು, ಅಂದರೆ ಎಲ್ಲಮ್ಮನಿಗೆ ಮುಡಿಪಾಗಿ ಹೆಣ್ಣಿನ ಉಡುಗೆ ಉಡುವವರು, ಕೊಡ ಹೊತ್ತು ಬಂದರೆ ಆ ಹುಡುಗನ ಮನೆಯವರು ಕಾಲಿಗೆ ಬೀಳುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಅದೇ ಜನ ಅವರನ್ನು ಚಕ್ಕಾ ಎಂದು ಬೈಯುತ್ತಾರೆ. ಜೋಗಪ್ಪ ಪದಕ್ಕೆ ಇಂಗ್ಲಿಷ್ ಏನು ಎಂದು ಅವನು ಕೇಳಿದ. ಜೋಗಪ್ಪ ಎಂದೇ ಬರೆ ಎಂದೆ. ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಪಡೆದಾಗ, ಇಂಗ್ಲಿಷ್ ಪತ್ರಿಕೆಗಳು ಜೋಗತಿ ಎಂಬ ಪದವನ್ನು ಹಾಗೇ ಬರೆದವು. ನಮ್ಮ ಪದವನ್ನೇ ಇಂಗ್ಲಿಷಿಗೆ ಕೊಟ್ಟರೆ ತಪ್ಪೇನಿಲ್ಲ.

ಈಗ ಪತ್ರಿಕೆಗೆ ನನ್ನ ವಿನಂತಿ. ಕನ್ನಡದಲ್ಲಿ ಸಲಿಂಗಕಾಮಿ ಎಂದು ಬರೆಯುತ್ತೀರಿ. ಗಂಡ ಹೆಂಡತಿಯನ್ನು ಯಾರೂ ಕಾಮಿಗಳು ಎಂದು ಬರೆಯುವುದಿಲ್ಲ. ಸಲಿಂಗಿ, ಸಲಿಂಗ ಪ್ರೇಮಿ ಎಂಬ ಪದಗಳಿವೆ, ಗೇ ಎಂದರೂ ಎಲ್ಲರಿಗೂ ತಿಳಿಯುತ್ತದೆ. ತಾನು ಗೇ ಎಂದು ಒಪ್ಪಿಕೊಂಡರು ಎಂದೂ ಬರೆಯುತ್ತೀರಿ. ಒಪ್ಪಿಕೊಳ್ಳುವುದು ತಪ್ಪು ಮಾಡಿದವರು, ಹೇಳಿದರು ಎಂದರೆ ಸಾಕು. ತೃತೀಯ ಲಿಂಗಿ ಎಂದು ಓದಿ ಮುನವಳ್ಳಿಯ ಅದೇ ಹುಡುಗಿ ಕೇಳಿದಳು, ಮೂರನೇದವರು ಇವರಾದರೆ ಒಂದನೇದವರು ಯಾರು ಎಂದು. ಲಿಂಗತ್ವ ಅಲ್ಪಸಂಖ್ಯಾತರು, ಲೈಂಗಿಕ ಅಲ್ಪಸಂಖ್ಯಾತರು ಎಂಬ ಎರಡನ್ನೂ ಒಂದೇ ಎಂಬಂತೆ ಬಳಸುತ್ತಾರೆ. ಮೊದಲನೆಯದು ತಾನು ಯಾರು ಎಂಬುದಕ್ಕೆ, ಎರಡನೆಯದು ಮುಖ್ಯವಾಗಿ ಯಾರ ಮೇಲೆ ಪ್ರೀತಿ ಎಂಬುದಕ್ಕೆ. ನಿಮ್ಮ ಪದ ಕಲಿಸುವ ಅಂಕಣದಲ್ಲಿ ಜೆಂಡರ್ ಮತ್ತು ಸೆಕ್ಷುಯಲ್ ಓರಿಯೆಂಟೇಶನ್ ಎಂದು ಬಿಡಿಸಿ ಬರೆದರೆ ಕನ್ನಡದ ಗೊಂದಲವೂ ಬಿಡುತ್ತದೆ.

ಇದು ಮಾಡಲಾಗದ ಕೆಲಸವಲ್ಲ. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ ತಮಿಳುನಾಡು ಸರ್ಕಾರ 2022ರಲ್ಲಿ ಈ ಪದಗಳಿಗೆ ತಮಿಳಿನಲ್ಲಿ ಏನು ಬಳಸಬೇಕು ಎಂಬ ಪಟ್ಟಿಯನ್ನು ಗೆಜೆಟ್‌ನಲ್ಲೇ ಪ್ರಕಟಿಸಿತು. ಸುಪ್ರೀಂ ಕೋರ್ಟ್ 2023ರಲ್ಲಿ ಕೈಪಿಡಿ ತಂದು, ಈವ್ ಟೀಸಿಂಗ್ ಎನ್ನಬೇಡಿ, ಬೀದಿಯ ಲೈಂಗಿಕ ಕಿರುಕುಳ ಎನ್ನಿ ಎಂದು ನ್ಯಾಯಾಧೀಶರಿಗೇ ಪದ ಹೇಳಿಕೊಟ್ಟಿತು. ಕನ್ನಡದಲ್ಲಿಯೂ ಸರ್ಕಾರ ಇಂಥ ಪಟ್ಟಿ ಮಾಡಲಿ, ಸಮುದಾಯದವರನ್ನೇ ಕೂರಿಸಿಕೊಂಡು ಮಾಡಲಿ. ಗೈಡು ಬರೆಯುವವರು ಅದನ್ನು ನೋಡಿ ಬರೆಯಲಿ. ಅಲ್ಲಿಯವರೆಗೆ ನಿಮ್ಮ ಒಂದು ವಾರದ ಅಂಕಣ ಎಷ್ಟೋ ಕ್ಲಾಸುಗಳ ಗೋಡೆ ಸೇರುತ್ತದೆ.

ನಮ್ಮ ಪಟ್ಟಿಯಲ್ಲಿ 42 ಪದಗಳಾಗಿವೆ. ಬೇಕಾದರೆ ಬರೆದು ಕಳಿಸುತ್ತೇನೆ. ಎರಡಕ್ಕೆ ಮಾತ್ರ ಕನ್ನಡ ಸಿಕ್ಕಿಲ್ಲ. ಒಂದು ಕ್ವೀರ್. ಮೊದಲು ಬೈಗುಳವಾಗಿದ್ದ ಪದವನ್ನು ಆ ಜನರೇ ತಮ್ಮದು ಮಾಡಿಕೊಂಡರು, ನಮ್ಮಲ್ಲಿ ಅಂಥದ್ದು ಇನ್ನೂ ಆಗಿಲ್ಲ. ಇನ್ನೊಂದು ಔಟ್ ಎಂಬ ಕ್ರಿಯಾಪದ. ಒಬ್ಬರು ಗೇ ಅಥವಾ ಟ್ರಾನ್ಸ್ ಎಂಬುದನ್ನು ಅವರನ್ನು ಕೇಳದೆ ಊರಿಗೆಲ್ಲಾ ಹೇಳಿಬಿಡುವುದು. ಅದಕ್ಕೆ ಬಯಲು ಮಾಡು ಎಂದು ಬರೆದಿದ್ದೆವು. ಹಿಂದಿನ ಬೆಂಚಿನವರು ಬೇಡ ಎಂದರು, ಕಳ್ಳತನ ಬಯಲಾದ ಹಾಗೆ ಕೇಳಿಸುತ್ತದೆ ಎಂದರು. ಅವರ ಮಾತು ನಿಜ. ಆ ಜಾಗವನ್ನು ಬೋರ್ಡಿನ ಮೇಲೆ ಖಾಲಿ ಬಿಟ್ಟಿದ್ದೇವೆ. ನಿಮ್ಮ ಓದುಗರಿಗೆ ಯಾವುದಾದರೂ ಪದ ಹೊಳೆದರೆ ತಿಳಿಸಲಿ.

ಇಂತಿ,
ನಿವೃತ್ತ ಇಂಗ್ಲಿಷ್ ಶಿಕ್ಷಕಿ,
ಶಹಾಪುರ, ಬೆಳಗಾವಿ